ಮೋಚೆ ಮಡಕೆಯ ಮುಖಗಳು: ಪ್ರತಿಕ್ರಿಯೆ

ಪೆರುವಿನ ಮೋಚೆ ಜನರ ತಲೆಯಾಕಾರದ ಮಡಕೆಗಳ ಮುಖ ನಿಜವಾದ ವ್ಯಕ್ತಿಗಳದ್ದಾ, ನೆತ್ತಿಯ ಮೇಲಿನ ಬಳೆಯಂಥದ್ದು ಏನು ಅಂತ ಕೇಳಿದ್ದೀರಿ.

ಬಹುಪಾಲು ನಿಜವಾದ ವ್ಯಕ್ತಿಗಳದ್ದೇ ಎನ್ನುತ್ತಾರೆ ವಿದ್ವಾಂಸರು. ಸುಮಾರು ಕ್ರಿ.ಶ. 100ರಿಂದ 800ರವರೆಗೆ ಪೆರುವಿನ ಉತ್ತರ ಕರಾವಳಿಯಲ್ಲಿದ್ದ ಜನ ಮೋಚೆಗಳು. ಪುರಾತತ್ವಜ್ಞ ಕ್ರಿಸ್ಟೋಫರ್ ಡೊನ್ನನ್ ಇಂಥ ನೂರಾರು ಮಡಕೆಗಳನ್ನು ಹೋಲಿಸಿ ನೋಡಿದರು. ತುಟಿಯ ಮೇಲೆ ಗಾಯದ ಗುರುತಿರುವ ಒಬ್ಬನೇ ಮನುಷ್ಯ ಮತ್ತೆ ಮತ್ತೆ ಸಿಕ್ಕಿದ, ಒಂದರಲ್ಲಿ ಹುಡುಗ, ಇನ್ನೊಂದರಲ್ಲಿ ಮೂವತ್ತು ದಾಟಿದವನು! ಹೆಸರು ಮಾತ್ರ ಇಲ್ಲ. ಮೋಚೆ ಜನರಿಗೆ ಲಿಪಿ ಇರಲಿಲ್ಲ.

ಒಬ್ಬನದೇ ಮುಖ ಇಷ್ಟು ಸಲ ಬರಲು ಅಚ್ಚೂ ಒಂದು ಕಾರಣ. ಅಲ್ಲಿ ಕುಂಬಾರನ ತಿಗರಿ ಇರಲಿಲ್ಲ. ಎರಡು ಹೋಳಿನ ಅಚ್ಚಿಗೆ ಮಣ್ಣು ಒತ್ತಿ, ಹೋಳುಗಳನ್ನು ಕೂಡಿಸಿ, ಕೆಂಪು ಮತ್ತು ಕೆನೆಬಣ್ಣದ ಮಣ್ಣು ಬಳಿದು ಸುಡುತ್ತಿದ್ದರು. ಒಂದೇ ಅಚ್ಚಿನಿಂದ ಬಂದವಕ್ಕೂ ಬೇರೆ ಬೇರೆ ಬಣ್ಣದ ಅಲಂಕಾರ.

ನೆತ್ತಿಯ ಮೇಲಿನದು ಬಳೆಯಲ್ಲ, ಟೊಳ್ಳು ಕೊಳವೆ. ಎರಡು ಕವಲು ಮೇಲೆ ಕೂಡಿ ಒಂದೇ ಬಾಯಾಗುತ್ತದೆ, ಹಿಡಿಯೂ ಅದೇ. ಬಾಯಿ ಕಿರಿದಾದ್ದರಿಂದ ಒಳಗಿನ ದ್ರವ ಬೇಗ ಆವಿಯಾಗುವುದಿಲ್ಲ, ತುಳುಕುವುದಿಲ್ಲ. ಇದಕ್ಕೆ ಕುದುರೆಯ ರಿಕಾಪಿನ (ಸವಾರ ಕಾಲಿಡುವ ಬಳೆಯ) ಹೆಸರಿಟ್ಟಿದ್ದಾರೆ, ಕುದುರೆಯನ್ನೇ ಕಾಣದ ಜನರ ಮಡಕೆಗೆ! ಲಿಮಾದ ಲಾರ್ಕೊ ಮ್ಯೂಸಿಯಂ ವೆಬ್‌ಸೈಟಿನಲ್ಲಿ ಇವುಗಳ ಫೋಟೋಗಳಿವೆ, ನೋಡಿ.