ಓದುಗರ ಪ್ರಶ್ನೆ: ಕಾರಿನ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆ

ಪ್ರಶ್ನೆ: ನಮ್ಮದು ಕಪ್ಪು ಕಾರು. ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರೇ ಗತಿ, ಬೇಸಿಗೆ ಬಂದರೆ ಟ್ಯಾಂಕರ್. ದಿನಾ ಬೆಳಿಗ್ಗೆ ಒಬ್ಬ ಹುಡುಗ ಬಂದು ಕಾರು ಒರೆಸಿ ಹೋಗುತ್ತಾನೆ. ಆದರೂ ಬಾನೆಟ್ ತುಂಬಾ ಬಿಳಿ ಉಂಗುರಗಳು. ಶಾಂಪೂ ಹಾಕಿ ತಿಕ್ಕಿದರೂ ಹೋಗುತ್ತಿಲ್ಲ. ಅತ್ತೆ ಹುಣಸೆಹಣ್ಣು ಹಾಕು ಅಂತಾರೆ, ಯಜಮಾನರು ಟಾಯ್ಲೆಟ್ ಕ್ಲೀನರ್ ತರ್ತೀನಿ ಅಂತಾರೆ. ಯಾರ ಮಾತು ಕೇಳಲಿ?
– ಯಲಹಂಕದ ಓದುಗರು

ಉತ್ತರ: ಅತ್ತೆಯವರ ಲೆಕ್ಕ ಅರ್ಧ ಸರಿ. ಈ ಕಲೆಗೆ ಹುಳಿಯೇ ಬೇಕು. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರು ಆರಿದ ಮೇಲೆ ಅಲ್ಲೇ ಕೂತು ಸುಣ್ಣದ ಪೊರೆಯಾಗುತ್ತದೆ. ಗೀಸರ್ ಕಾಯಿಲ್‌ಗೆ ಕಟ್ಟುವುದೂ ಇದೇ. ಸುಣ್ಣದ ಮುಂದೆ ಶಾಂಪೂ ಆಟ ನಡೆಯಲ್ಲ. ಆದರೆ ಹುಣಸೆಹಣ್ಣಿನ ನಾರು, ಸಿಪ್ಪೆ ಹಿತ್ತಾಳೆ ಚೆಂಬಿಗೆ ಸರಿ, ಕಪ್ಪು ಕಾರಿಗೆ ಬೇಡ. ಬಿಸಿಲಿಗೆ ನಿಲ್ಲಿಸಿದರೆ ಒಂದೊಂದು ಗೀರೂ ಎದ್ದು ಕಾಣುತ್ತದೆ. ಟಾಯ್ಲೆಟ್ ಕ್ಲೀನರ್ ಅಂತೂ ಬೇಡವೇ ಬೇಡ ಅಂತ ಯಜಮಾನರಿಗೆ ಹೇಳಿಬಿಡಿ. ಸಾಮಾನ್ಯವಾಗಿ ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಕ್ರೋಮ್ ಪಟ್ಟಿ, ಅಲಾಯ್ ಚಕ್ರ ಎರಡನ್ನೂ ತಿಂದುಹಾಕುತ್ತದೆ.

ದಿನಸಿ ಅಂಗಡಿಯಲ್ಲಿ ಗೋಬಿ ಮಂಚೂರಿಗೆ ಹಾಕುವ ಬಣ್ಣವಿಲ್ಲದ ವಿನಿಗರ್ ಸಿಗುತ್ತದಲ್ವಾ, ಅದು ಸಾಕು. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರನ್ನು (ಡಿಸ್ಟಿಲ್ಡ್ ವಾಟರ್, ಬ್ಯಾಟರಿ ಆಸಿಡ್ ಅಲ್ಲ) ಅದಕ್ಕೆ ಸಮಸಮ ಬೆರೆಸಿ. ನಲ್ಲಿ ನೀರು ಬೆರೆಸಿದರೆ ಹುಳಿಯ ಒಂದು ಪಾಲು ಆ ನೀರಿನ ಸುಣ್ಣಕ್ಕೇ ಖರ್ಚಾಗುತ್ತದೆ. ಮೊದಲು ಕಾರು ತೊಳೆದು ಧೂಳು ಹೋಗಿರಬೇಕು. ಕಾರು ನೆರಳಲ್ಲಿರಬೇಕು, ಬಾನೆಟ್ ಕೈಗೆ ತಣ್ಣಗಿರಬೇಕು. ಮೈಕ್ರೋಫೈಬರ್ ಬಟ್ಟೆಯನ್ನು ಇದರಲ್ಲಿ ಅದ್ದಿ ಕಲೆಯ ಮೇಲೆ ಹಾಸಿ ಒಂದೆರಡು ನಿಮಿಷ ಸುಮ್ನೆ ಬಿಡಿ. ತಿಕ್ಕಬೇಡಿ. ಬಟ್ಟೆ ತೆಗೆದಾಗ ಉಂಗುರದ ಅಂಚು ಮೆತ್ತಗಾಗಿ ಒಂದೇ ಒರೆಸಿಗೆ ಬಂದುಬಿಟ್ಟರೆ ಕೆಲಸ ಮುಗಿಯಿತು, ಬರದಿದ್ದರೆ ಇನ್ನೊಮ್ಮೆ ಹಾಸಿ. ವಿನಿಗರ್ ಅಲ್ಲೇ ಆರಲು ಬಿಡಬಾರದು. ಚೆನ್ನಾಗಿ ತೊಳೆದು, ಒರೆಸಿ, ಮೇಲೊಂದು ಕೋಟು ವ್ಯಾಕ್ಸ್ ಹಚ್ಚಿ, ಯಾಕೆಂದರೆ ಹಳೇ ವ್ಯಾಕ್ಸ್‌ನ ಒಂದಿಷ್ಟನ್ನು ವಿನಿಗರ್ ಕಿತ್ತಿರುತ್ತದೆ.

ಇನ್ನು ಆ ಹುಡುಗನ ವಿಷಯ. ತಪ್ಪು ಅವನದ್ದಲ್ಲ. ಒಂದೇ ಬಕೆಟ್ ನೀರಲ್ಲಿ ಐದಾರು ಕಾರು ಮುಗಿಸಬೇಕಾದವನು ಒದ್ದೆ ಬಟ್ಟೆ ಎಳೆದು ಮುಂದಕ್ಕೆ ಹೋಗುತ್ತಾನೆ, ಬಾನೆಟ್ ತಾನಾಗಿ ಆರುತ್ತದೆ, ಆರುವಾಗಲೇ ಕಲೆ ಕೂರುವುದು. ಎಂಥ ಗಡಸು ನೀರಲ್ಲಿ ತೊಳೆದರೂ ಆರುವ ಮೊದಲು ಒಣ ಬಟ್ಟೆಯಲ್ಲಿ ಒರೆಸಿಬಿಟ್ಟರೆ ಕಲೆಯ ಮಾತೇ ಇರಲ್ಲ. ಅವನಿಗೆ ನಿಮ್ಮದೇ ಎರಡು ಬಟ್ಟೆ ಕೊಡಿ, ಒಂದು ಒದ್ದೆಗೆ, ಒಂದು ಒಣಕ್ಕೆ. ತಿಂಗಳಿಗೆ ಸ್ವಲ್ಪ ಜಾಸ್ತಿ ದುಡ್ಡೂ ಕೊಡಿ.

ಪ್ರಶ್ನೆ: ಆರ್‌ಒ ಮೆಷಿನ್ನಿನ ವೇಸ್ಟ್ ನೀರನ್ನು ಬಕೆಟ್‌ನಲ್ಲಿ ಹಿಡಿದು ಕಾರು ತೊಳೆಯುತ್ತೇನೆ. ನೀರು ಉಳಿಸಿದ ಹಾಗಾಯಿತಲ್ಲ ಅಂತ. ಈಗೀಗ ಕಲೆ ಜಾಸ್ತಿ ಆಗಿದೆ, ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?
– ಕೋಲಾರದ ಓದುಗರು

ಉತ್ತರ: ಇದೆ. ನೀವು ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ಬಕೆಟ್‌ನಲ್ಲೇ ಇದೆ. ಬೋರ್‌ವೆಲ್ ನೀರಿನ ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಲವಣ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ) 600 ಇದ್ದು, ಮೂರು ಲೀಟರಿಗೆ ಒಂದು ಲೀಟರ್ ಒಳ್ಳೇ ನೀರು ಬರುತ್ತದೆ ಅಂದುಕೊಳ್ಳಿ, ಉಳಿದೆರಡು ಲೀಟರಿನದ್ದು 850 ದಾಟುತ್ತದೆ. ಆ ನೀರು ಟಾಯ್ಲೆಟ್ಟಿಗೆ, ನೆಲ ಒರೆಸಲಿಕ್ಕೆ, ಕಾರಿನ ಚಕ್ರದ ಮಣ್ಣು ಬಿಡಿಸಲಿಕ್ಕೆ ಇರಲಿ. ಬಾನೆಟ್, ಟಾಪು, ಗಾಜಿನ ಹತ್ತಿರ ತರಬೇಡಿ.

ನೀರು ಉಳಿಸುವ ಆಸೆಗೆ ಇದಕ್ಕಿಂತ ಒಳ್ಳೇ ದಾರಿ ಇದೆ. ಮನೆಯಲ್ಲಿ ಎಸಿ ಇದ್ದರೆ ಹೊರಗಿನ ಪೈಪಿನಿಂದ ತೊಟ್ಟಿಕ್ಕುವ ನೀರು ಹಿಡಿದಿಡಿ. ಅದು ಗಾಳಿಯ ತೇವ ತಣಿದು ಆದ ನೀರು, ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಬಟ್ಟೆಯಲ್ಲಿ ಸೋಸಿ ಕೊನೆಯ ಸುತ್ತಿಗೆ ಸುರಿದರೆ ಅರ್ಧ ಬಕೆಟ್ ಸಾಕು. ಮಳೆನೀರೂ ಆಗುತ್ತದೆ, ಮೊದಲ ಮಳೆಯದ್ದು ಬಿಟ್ಟು, ಅದರಲ್ಲಿ ಧೂಳೇ ಜಾಸ್ತಿ. ಬೆಂಗಳೂರಿನಲ್ಲಿರುವವರು ಕಾವೇರಿ ನೀರೇ ಒಳ್ಳೆಯದಲ್ವಾ ಅನ್ನಬಹುದು. ಹೌದು, ಅಷ್ಟು ಗಡಸಲ್ಲ. ಆದರೆ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು, ನೆನಪಿರಲಿ.

ಪ್ರಶ್ನೆ: ವಿನಿಗರ್ ಹಾಕಿ ಬಿಳಿ ಹೋಯಿತು. ಆದರೆ ಅಲ್ಲೇ ಉಂಗುರದ ಗುರುತು ಉಳಿದಿದೆ, ಉಗುರಿಗೂ ಸಣ್ಣಗೆ ತಗುಲುತ್ತದೆ. ಪಾಲಿಶ್ ಮಾಡಿಸಲಾ?
– ಬಳ್ಳಾರಿಯ ಓದುಗರು

ಉತ್ತರ: ಅದು ಕಲೆಯಲ್ಲ ಸಾರ್, ಗುಳಿ. ನಿಮ್ಮೂರ ಬಿಸಿಲಿಗೆ ಕಾದ ಬಾನೆಟ್ ಮೇಲೆ ಹನಿ ಆರಿ ಆರಿ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟನ್ನೇ ಕೊರೆದಿದೆ. ಇನ್ನೆಷ್ಟು ವಿನಿಗರ್ ಸುರಿದರೂ ಹೋಗಲ್ಲ. ಕ್ಲಿಯರ್ ಕೋಟು ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಮೆಷಿನ್ ಪಾಲಿಶ್ ಅಂದರೆ ಅದರದ್ದೇ ಒಂದು ಪದರ ಸವೆಸಿ ಗುಳಿಯ ಮಟ್ಟಕ್ಕೆ ತರುವುದು, ಆದ್ದರಿಂದ ವರ್ಷವರ್ಷ ಮಾಡಿಸುವ ಬಾಬತ್ತಲ್ಲ. ಮೊದಲು ಒಂದು ಮೂಲೆಯಲ್ಲಿ ಮಾತ್ರ ಮಾಡಿ ತೋರಿಸಿ ಅನ್ನಿ. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟುಕೊಂಡಿರುವ ಕಡೆ ಹೋಗಿ. ಉಗುರಿಗೆ ಸಿಗುವಷ್ಟು ಆಳ ಇದ್ದರೆ ಪೂರ್ತಿ ತೆಗೆಯಲು ಹೋಗದೆ ಗುರುತು ಮಸುಕಾದರೆ ಸಾಕು ಅಂದುಕೊಳ್ಳುವುದೇ ಜಾಣತನ.

ಪ್ರಶ್ನೆ: ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಕಲೆ ಬರುವುದೇ ಇಲ್ಲವಂತೆ, ನಿಜವಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಸುಳ್ಳು. ಕೋಟಿಂಗ್ ಮೇಲೆ ನೀರು ಮುತ್ತಿನ ಹಾಗೆ ಗುಂಡಗೆ ನಿಲ್ಲುತ್ತದೆ, ನೋಡಲಿಕ್ಕೆ ಚೆಂದ, ಆದರೆ ಆ ಮುತ್ತು ಅಲ್ಲೇ ಆರಿದರೆ ಅದೂ ಉಂಗುರವೇ. ಬಣ್ಣದ ಬದಲು ಕೋಟಿಂಗ್ ಮೇಲೆ ಕೂರುತ್ತದೆ ಅನ್ನುವುದಷ್ಟೇ ಲಾಭ. ಒಣ ಬಟ್ಟೆ ತಪ್ಪುವುದಿಲ್ಲ.

ಪ್ರಶ್ನೆ: ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮೇಲಿನ ಸ್ಲ್ಯಾಬ್ ಸೋರಿ ಟಾಪ್ ಮೇಲೆ ಬಿಳಿ ಹನಿ ಗಟ್ಟಿಯಾಗಿ ಅಂಟಿದೆ. ಬ್ಲೇಡಿನಲ್ಲಿ ಕೆರೆಯಲಾ?
– ಮೈಸೂರಿನ ಓದುಗರು

ಉತ್ತರ: ದಯವಿಟ್ಟು ಬ್ಲೇಡು ಮುಟ್ಟಬೇಡಿ. ಕಾಂಕ್ರೀಟಿನೊಳಗಿಂದ ಇಳಿದ ನೀರು ಅಲ್ಲಿನ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ, ಅದಕ್ಕೆ ಕ್ಷಾರ ಜಾಸ್ತಿ, ಬೋರ್‌ವೆಲ್ ಕಲೆಗಿಂತ ಬೇಗ ಬಣ್ಣ ಕೆಡಿಸುತ್ತದೆ. ವಿನಿಗರ್ ಬಟ್ಟೆಯನ್ನೇ ಹಾಸಿ, ಐದು ನಿಮಿಷಕ್ಕೊಮ್ಮೆ ಹೊಸದಾಗಿ ನೆನೆಸಿ, ಪದರ ಪದರವಾಗಿ ಕರಗಿಸಿ. ತಾಳ್ಮೆ ಬೇಕು. ಅಸೋಸಿಯೇಷನ್‌ಗೆ ಫೋಟೋ ಸಮೇತ ಪತ್ರ ಕೊಡಿ, ಸೋರಿಕೆ ನಿಲ್ಲುವ ತನಕ ಆ ಹನಿಯ ಕೆಳಗೆ ತಗಡಿನ ತಟ್ಟೆ ಕಟ್ಟಿಸಿ ನೀರನ್ನು ಗೋಡೆ ಕಡೆಗೆ ತಿರುಗಿಸಿ, ಇಲ್ಲವೇ ಕಾರನ್ನು ಬೇರೆ ಜಾಗದಲ್ಲಿ ನಿಲ್ಲಿಸಿ.