ಹಾಲು ಕಡಿಮೆ ಮಾಡಿದರೆ ಸಾಲ ತೀರುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ನಾಲ್ಕು ಜನರ ಸಂಸಾರ, ಬಾಡಿಗೆ ಮನೆ. ಯಜಮಾನರ ಸಂಬಳ ಕೈಗೆ 41,000 ಬರುತ್ತದೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿದು ಐದಾರು ಸಾವಿರ ದುಡಿಯುತ್ತೇನೆ. ಮೊದಲು ಅತ್ತೆಯವರ ಆಪರೇಷನ್, ಹಿಂದೆಯೇ ಮೈದುನನ ಮದುವೆ, ಹಾಗಾಗಿ ಸಾಲ ಏರಿತು. ಈಗ ಕ್ರೆಡಿಟ್ ಕಾರ್ಡಿನಲ್ಲಿ 92,000 ಬಾಕಿ ಇದೆ. ಪರ್ಸನಲ್ ಲೋನ್ 1,80,000 ಉಳಿದಿದೆ, ಕಂತು 7,900. ಸೊಸೈಟಿಯಲ್ಲಿ ಬಳೆ ಇಟ್ಟು 75,000 ತಂದಿದ್ದೇವೆ, ತಿಂಗಳಿಗೆ 750 ಬಡ್ಡಿ. ಫೋನಿನ ಕಂತು 1,650. ನಾದಿನಿ ಹತ್ತಿರ ಕೈಗಡ 40,000. ಕಾರ್ಡಿಗೆ ಪ್ರತಿ ತಿಂಗಳೂ ಮಿನಿಮಮ್ ತಪ್ಪದೆ ಕಟ್ಟುತ್ತೇವೆ, ಆದರೂ ಬಾಕಿ ಕದಲುತ್ತಲೇ ಇಲ್ಲ. ನಾನು ಹಾಲು ಒಂದೂವರೆ ಲೀಟರಿನಿಂದ ಒಂದಕ್ಕೆ ಇಳಿಸಿದೆ, ಮಕ್ಕಳ ಬಿಸ್ಕತ್ತು ನಿಲ್ಲಿಸಿದೆ, ಅಕ್ಕಿ ಅಗ್ಗದ್ದು ತಂದೆ. ಮನೆಯಲ್ಲಿ ದಿನಾ ಜಗಳ. ಬ್ಯಾಂಕಿನಲ್ಲಿ ಮಗಳ ಕಾಲೇಜಿಗೆ ಅಂತ ತಿಂಗಳಿಗೆ 2,000 ಆರ್‌ಡಿ ಕಟ್ಟುತ್ತಿದ್ದೇನೆ, 36,000 ಆಗಿದೆ, ಅದನ್ನು ಮಾತ್ರ ಮುಟ್ಟಿಲ್ಲ. ಒಬ್ಬ ಏಜೆಂಟ್ ಫೋನ್ ಮಾಡಿ ನಾಲ್ಕು ಲಕ್ಷ ಕೊಡಿಸುತ್ತೇನೆ, ಎಲ್ಲ ಸಾಲ ಒಂದೇ ಮಾಡಿಬಿಡಿ ಅನ್ನುತ್ತಿದ್ದಾನೆ. ಖರ್ಚಿನ ಪಟ್ಟಿ ಜೊತೆಗಿಟ್ಟಿದ್ದೇನೆ. ಇನ್ನೇನು ಕಡಿಮೆ ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಹಾಲು ವಾಪಸ್ ಹಾಕಿಸಿಕೊಳ್ಳಿ. ಅರ್ಧ ಲೀಟರ್ ಹಾಲು ಬಿಟ್ಟು ತಿಂಗಳಿಗೆ ಏಳೆಂಟು ನೂರು ಉಳಿಸಿದಿರಿ, ಸರಿ. ಆ ಏಳೆಂಟು ನೂರು ಎಲ್ಲಿ ಹೋಯಿತು ಹೇಳಿ ನೋಡೋಣ. ನಿಮ್ಮ ಪಟ್ಟಿಯಲ್ಲಿ ಅದು ಯಾವ ಸಾಲಕ್ಕೂ ಹೋಗಿಲ್ಲ. ಸಂಬಳದ ಖಾತೆಯಲ್ಲೇ ಉಳಿದು, ತಿಂಗಳ ಇಪ್ಪತ್ತನೇ ತಾರೀಕಿಗೆ ಯಾವುದೋ ಯುಪಿಐಯಲ್ಲಿ ಕರಗಿದೆ. ಮಕ್ಕಳ ಹಾಲೂ ಹೋಯಿತು, ಸಾಲವೂ ಹಾಗೇ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನೆಂಟರು ಈಗ ಹೇಳಲು ಬರುತ್ತಾರೆ, ಕಾಲು ಆಗಲೇ ಹೊರಗೆ ಬಂದಾಗಿದೆ, ಆ ಮಾತು ಬಿಡಿ.

ಕಾರ್ಡಿನ ವಿಷಯ ನೋಡೋಣ, ನಿಮ್ಮ ಮನೆ ಸೋರುತ್ತಿರುವುದು ಅಲ್ಲೇ. ಕಾರ್ಡುಗಳ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ. 3ರಿಂದ 3.75ರವರೆಗೆ ಇರುತ್ತದೆ. ವರ್ಷಕ್ಕಲ್ಲ, ತಿಂಗಳಿಗೆ. 3.5 ಅಂತ ಇಟ್ಟುಕೊಳ್ಳಿ. 92,000ಕ್ಕೆ ಒಂದು ತಿಂಗಳ ಬಡ್ಡಿ 3,220. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ, ಅದು 580. ಎರಡೂ ಸೇರಿ 3,800. ನೀವು ಕಟ್ಟುತ್ತಿರುವ ಮಿನಿಮಮ್ ಬಾಕಿಯ ಶೇ. 5 ಅಂದುಕೊಂಡರೆ 4,600. ಅಂದರೆ ಅಸಲಿಗೆ ಹೋಗುತ್ತಿರುವುದು ಬರೀ 800 ರೂಪಾಯಿ! ಅದರ ಮೇಲೆ ಅದೇ ಕಾರ್ಡಿನಲ್ಲಿ ಒಂದು ಸಾವಿರದ ಸಾಮಾನು ತಂದರೂ ಆ ತಿಂಗಳು ಬಾಕಿ ಏರುತ್ತದೆ, ಇಳಿಯುವುದಿಲ್ಲ. ನಲವತ್ತೈದು ದಿನ ಬಡ್ಡಿ ಇಲ್ಲ ಅನ್ನುತ್ತಾರಲ್ಲ, ಅದು ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಹಾಗಾಗಿ ಕಾರ್ಡನ್ನು ಬೀರುವಿನಲ್ಲಿಡಿ, ಶಾಪಿಂಗ್ ಆ್ಯಪ್‌ಗಳಲ್ಲಿ ಸೇವ್ ಆಗಿರುವ ನಂಬರನ್ನೂ ತೆಗೆದುಹಾಕಿ.

ಇನ್ನು ಆರ್‌ಡಿ. ಮಗಳ ಹೆಸರಿನ ದುಡ್ಡು, ಮುಟ್ಟಲು ಮನಸ್ಸು ಬರುವುದಿಲ್ಲ, ನನಗೆ ಅರ್ಥವಾಗುತ್ತದೆ. ಆದರೂ ಮುರಿಯಿರಿ. ವರ್ಷಕ್ಕೆ ಶೇ. 7 ಅಂದರೂ ಆ 36,000 ನಿಮಗೆ ತಿಂಗಳಿಗೆ ಸುಮಾರು 210 ರೂಪಾಯಿ ದುಡಿದು ಕೊಡುತ್ತಿದೆ, ಅದೇ 36,000 ಕಾರ್ಡಿನಲ್ಲಿ ಬಾಕಿಯಾಗಿ ಕೂತು ಜಿಎಸ್‌ಟಿ ಸೇರಿ ತಿಂಗಳಿಗೆ 1,480ಕ್ಕೂ ಹೆಚ್ಚು ತಿನ್ನುತ್ತಿದೆ. ಅವಧಿಗೆ ಮುಂಚೆ ಮುರಿದರೆ ಬ್ಯಾಂಕಿನವರು ಬಡ್ಡಿಯಲ್ಲಿ ಸ್ವಲ್ಪ ಕಡಿತ ಮಾಡುತ್ತಾರೆ, ಅಷ್ಟೇ, ಅಸಲು ಎಲ್ಲೂ ಹೋಗುವುದಿಲ್ಲ. ಬಂದ ಹಣವನ್ನು ಅದೇ ದಿನ ಕಾರ್ಡಿಗೆ ಕಟ್ಟಿ. ಬಾಕಿ 56,000ಕ್ಕೆ ಬರುತ್ತದೆ.

ಈಗ ನಿಮ್ಮ ಖರ್ಚಿನ ಪಟ್ಟಿ. ಹೊರಗಿನ ತಿಂಡಿ ಮತ್ತು ಆರ್ಡರ್ 3,500. ದಾವಣಗೆರೆಯಲ್ಲಿದ್ದುಕೊಂಡು ಸಂಜೆ ಹೊತ್ತಿಗೆ ಆ್ಯಪ್‌ನಲ್ಲಿ ಪಿಜ್ಜಾ ತರಿಸುತ್ತೀರಲ್ಲ, ಮಂಡಕ್ಕಿ ಮೆಣಸಿನಕಾಯಿ ಏನು ಪಾಪ ಮಾಡಿತ್ತು? ಪೂರ್ತಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಪೂರ್ತಿ ನಿಲ್ಲಿಸಿದ್ದು ಯಾವ ಮನೆಯಲ್ಲೂ ಎರಡನೇ ತಿಂಗಳು ದಾಟಿದ್ದನ್ನು ನಾನು ನೋಡಿಲ್ಲ. 1,000 ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ನಾಲ್ಕೂ ಜನ ಹೋಗಿ ಬೆಣ್ಣೆದೋಸೆ ತಿಂದು ಬನ್ನಿ, ಉಳಿದ 2,500 ಕಾರ್ಡಿಗೆ.

ದಿನಸಿ 7,500. ಇದನ್ನು ಅಕ್ಕಿಯಲ್ಲಿ ಉಳಿಸಲು ಹೋಗಬೇಡಿ. ಕಳೆದ ತಿಂಗಳ ಮಾರ್ಟ್ ಬಿಲ್ ತೆಗೆದು, ಮನೆಯಿಂದ ಹೊರಡುವಾಗಲೇ ಬೇಕು ಅಂತ ಗೊತ್ತಿದ್ದ ಸಾಮಾನಿಗೆಲ್ಲ ಪೆನ್ನಿನಲ್ಲಿ ಗುರುತು ಹಾಕಿ. ಗುರುತಿಲ್ಲದ ಸಾಲುಗಳನ್ನು ಕೂಡಿಸಿ. ಒಂದಕ್ಕೆ ಒಂದು ಉಚಿತ ಅಂತ ತಂದ ನೂಡಲ್ಸ್, ಬಕೆಟ್ ಸಿಗುತ್ತದೆ ಅಂತ ತಂದ ನಾಲ್ಕು ಕೇಜಿ ಸೋಪಿನ ಪುಡಿ, ಬಿಲ್ ಮಾಡುವ ಕೌಂಟರ್ ಪಕ್ಕದ ಚಾಕೊಲೇಟು, ಎಲ್ಲ ಅಲ್ಲೇ ಸಿಗುತ್ತವೆ. ಬೀದಿಯ ಕಿರಾಣಿ ಅಂಗಡಿಗೆ ಚೀಟಿ ಬರೆದು ಕಳಿಸಿದರೆ ಕೆಲವು ಸಾಮಾನಿಗೆ ನಾಲ್ಕೈದು ರೂಪಾಯಿ ಜಾಸ್ತಿ ಆಗಬಹುದು, ಆದರೆ ಚೀಟಿಯಲ್ಲಿ ಇಲ್ಲದ್ದು ಮನೆಗೆ ಬರುವುದಿಲ್ಲ. ಸಾವಿರದ ಇನ್ನೂರು ಆರಾಮಾಗಿ ಉಳಿಯುತ್ತದೆ.

ಡಿಟಿಎಚ್ 450, ಅದರ ಜೊತೆ ಫೈಬರ್ 700. ಎರಡರಲ್ಲಿ ಒಂದು ಸಾಕು. ಯಾವುದು ಅಂತ ನಾನು ಹೇಳಿದರೆ ಅತ್ತೆಯವರ ಧಾರಾವಾಹಿ ತಪ್ಪಿಸಿದ ಆರೋಪ ನನ್ನ ಮೇಲೆ ಬರುತ್ತದೆ, ನೀವೇ ನೋಡಿಕೊಳ್ಳಿ.

ಕರೆಂಟ್ ಬಿಲ್ ಕೆಲವು ತಿಂಗಳು ಸೊನ್ನೆ, ಕೆಲವು ತಿಂಗಳು ಸಾವಿರದ ಮೇಲೆ ಅಂತ ಬರೆದಿದ್ದೀರಿ. ಗೃಹಜ್ಯೋತಿಯಲ್ಲಿ ಹೀಗೇ ಆಗುವುದು. ನಿಮ್ಮ ಮನೆಗೆ ಗೊತ್ತು ಮಾಡಿದ ಯೂನಿಟ್ ದಾಟಿದರೆ ಹೆಚ್ಚಾದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. 198ಕ್ಕೂ 203ಕ್ಕೂ ನಡುವೆ ಇರುವುದು ಐದು ಯೂನಿಟ್ ಅಷ್ಟೇ, ಬಿಲ್ಲಿನಲ್ಲಿ ವ್ಯತ್ಯಾಸ ನೂರುಗಟ್ಟಲೆ. ಎರಡು ಕಿಲೋವ್ಯಾಟಿನ ಗೀಸರ್ ದಿನಾ ಅರ್ಧ ಗಂಟೆ ಉರಿದರೆ ತಿಂಗಳಿಗೆ ಮೂವತ್ತು ಯೂನಿಟ್. ರೀಡಿಂಗಿಗೆ ಒಂದು ವಾರ ಇರುವಾಗ ಮೀಟರ್ ನೋಡಿ, 200 ದಾಟುವ ಹಾಗಿದ್ದರೆ ಆ ವಾರ ಗೀಸರಿಗೆ ರಜಾ ಕೊಡಿ.

ಇವೆಲ್ಲ ಸೇರಿ ತಿಂಗಳಿಗೆ ಕಡಿಮೆಯೆಂದರೂ 4,000 ಉಳಿಯುತ್ತದೆ. ಈಗ ಕಟ್ಟುತ್ತಿರುವ 4,600, ಆರ್‌ಡಿಗೆ ಹೋಗುತ್ತಿದ್ದ 2,000, ಈ 4,000, ಒಟ್ಟು 10,600 ರೂಪಾಯಿ ಸಂಬಳ ಬಿದ್ದ ದಿನವೇ ಕಾರ್ಡಿಗೆ ಹೋಗಲಿ. ತಿಂಗಳ ಕೊನೆಗೆ ಉಳಿದರೆ ಕಟ್ಟೋಣ ಅಂದರೆ ಉಳಿಯುವುದಿಲ್ಲ, ಇದು ನಿಮ್ಮ ಮನೆಯ ಕಥೆ ಮಾತ್ರ ಅಲ್ಲ. ಹೀಗೆ ಕಟ್ಟಿದರೆ ಆರನೇ ತಿಂಗಳ ಕೊನೆಗೆ ಸಾವಿರದೊಳಗೆ ಬಾಕಿ ಉಳಿಯುತ್ತದೆ, ಏಳನೇ ತಿಂಗಳಿಗೆ ಮುಗಿಯುತ್ತದೆ. ಇನ್ನೊಂದು ಕೆಲಸ: ಯಜಮಾನರ ಯುಪಿಐ ಸಂಬಳದ ಖಾತೆಗೆ ಜೋಡಿಸಿದೆ ಅಂದಿರಲ್ಲ, ಅದನ್ನು ಬಿಡಿಸಿ. ಇನ್ನೊಂದು ಖಾತೆಗೆ ಪ್ರತಿ ಸೋಮವಾರ ವಾರದ ಖರ್ಚಿನ ಹಣ ಹಾಕಿ, ಯುಪಿಐ ಅದಕ್ಕೆ ಜೋಡಿಸಿ. ಗುರುವಾರಕ್ಕೇ ಖಾಲಿಯಾದರೆ ಅವರಿಗೇ ಗೊತ್ತಾಗುತ್ತದೆ, ನೀವು ಬಾಯಿ ಬಿಡಬೇಕಾಗಿಲ್ಲ, ಜಗಳವೂ ಅರ್ಧ ಕಡಿಮೆ.

ಏಜೆಂಟ್ ಹೇಳಿದ ನಾಲ್ಕು ಲಕ್ಷ ಬೇಡ. ಕಂತು ಸಣ್ಣದಾಗಿ ಕಾಣುವುದು ಅವಧಿ ಐದು ವರ್ಷಕ್ಕೆ ಎಳೆದಿರುವುದರಿಂದ. ಪ್ರೊಸೆಸಿಂಗ್ ಶುಲ್ಕ ಮೊದಲೇ ಮುರಿದುಕೊಳ್ಳುತ್ತಾರೆ, ಹಳೆಯ ಲೋನ್ ಮುಂಚೆಯೇ ಮುಚ್ಚಿದ್ದಕ್ಕೂ ದಂಡ ಬೀಳಬಹುದು. ಅದೂ ಸಾಲದು ಅಂತ ಕಾರ್ಡು ಖಾಲಿಯಾಗಿ ಮತ್ತೆ ಕೈಗೆ ಬರುತ್ತದೆ, ಅದೇ ದೊಡ್ಡ ಭಯ. ಬೇಕಿದ್ದರೆ ಕಾರ್ಡಿನ ಬ್ಯಾಂಕಿಗೇ ಫೋನ್ ಮಾಡಿ, ಉಳಿದ 56,000ವನ್ನು ಕಂತಿಗೆ ಬದಲಿಸಿಕೊಡಿ ಅಂತ ಕೇಳಿ. ಬಡ್ಡಿ ವರ್ಷಕ್ಕೆ ಶೇ. 18ರ ಆಸುಪಾಸಿಗೆ ಇಳಿದರೆ ಒಪ್ಪಿಕೊಳ್ಳಿ.

ಕಾರ್ಡು ಮುಗಿದ ಮೇಲೆ ಅದೇ 10,600ದಲ್ಲಿ ಬಳೆ ಬಿಡಿಸಿ. ಅಲ್ಲಿಯವರೆಗೆ ಸೊಸೈಟಿಯ ಬಡ್ಡಿ ತಪ್ಪಿಸಬೇಡಿ, ನವೀಕರಣದ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಹರಾಜಿನ ನೋಟಿಸು ಬರುವುದು ತಾರೀಕು ಮರೆತವರ ಮನೆಗೇ. ನಾದಿನಿಯ ಸಾಲಕ್ಕೆ ಬಡ್ಡಿ ಇಲ್ಲ, ಲೆಕ್ಕದ ಪ್ರಕಾರ ಅದು ಕೊನೆಗೆ. ಆದರೆ ಅವರಿಗೆ ಈಗಲೇ ಫೋನ್ ಮಾಡಿ, ಬಳೆ ಬಿಡಿಸಿದ ಮೇಲೆ ಯಾವ ತಿಂಗಳಿಂದ ಎಷ್ಟೆಷ್ಟು ಕೊಡುತ್ತೀರಿ ಅಂತ ಹೇಳಿಬಿಡಿ. ಹಬ್ಬಕ್ಕೆ ಬಂದಾಗ ಮುಖ ತಪ್ಪಿಸಿಕೊಂಡು ಓಡಾಡುವ ಕಷ್ಟವಾದರೂ ತಪ್ಪುತ್ತದೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಂದು ಲಕ್ಷದ ಚೀಟಿ ನಡೆಯುತ್ತದೆ, ಇಪ್ಪತ್ತು ಜನ, ಇಪ್ಪತ್ತು ತಿಂಗಳು. ಈಗ ಐದನೇ ತಿಂಗಳು. 22,000 ಬಿಟ್ಟು ಕೂಗಿದರೆ ಸಿಗಬಹುದು. ಎತ್ತಿ ಪರ್ಸನಲ್ ಲೋನ್ ತೀರಿಸಲೇ?
— ಓದುಗ, ಶಿರಸಿ

ಉತ್ತರ: ಬೇಡ. ಕೈಗೆ ಬರುವುದು 78,000, ಆಮೇಲೆ ಹದಿನೈದು ತಿಂಗಳು ಕಟ್ಟುತ್ತಲೇ ಇರಬೇಕು. ಪ್ರತಿ ತಿಂಗಳು ಎತ್ತಿದವರು ಬಿಟ್ಟ ಹಣದಲ್ಲಿ ನಿಮ್ಮ ಪಾಲು ಬಂದು ಕಂತು ಸ್ವಲ್ಪ ಇಳಿದರೂ ಅದು ನಿಮ್ಮ ಪರ್ಸನಲ್ ಲೋನಿಗಿಂತ ದುಬಾರಿ ಬೀಳುವ ಸಾಧ್ಯತೆಯೇ ಜಾಸ್ತಿ. ಕಾರ್ಡಿನ ಬಾಕಿ ಇದ್ದಿದ್ದರೆ ಬೇರೆ ಮಾತು. ಕೂಗು ಹತ್ತು ಸಾವಿರದೊಳಗೆ ಇಳಿಯುವ ತಿಂಗಳವರೆಗೆ ಕಾಯಿರಿ. ಆ ಚೀಟಿ ನೋಂದಣಿ ಆಗಿದೆಯಾ ಅಂತಲೂ ಕೇಳಿ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನಡೆಸುವವರು ನೋಂದಣಿ ಮಾಡಿಸಬೇಕು. ಬೀದಿಯ ಚೀಟಿಯಲ್ಲಿ ನಡೆಸುವವರು ಊರು ಬಿಟ್ಟರೆ ದುಡ್ಡು ವಸೂಲಿ ಮಾಡುವುದು ತುಂಬಾ ಕಷ್ಟ.

ಪ್ರಶ್ನೆ: ಎರಡು ಕಂತು ತಪ್ಪಿದ್ದಕ್ಕೆ ರಿಕವರಿಯವರು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡುತ್ತಾರೆ. ನಿನ್ನೆ ನಮ್ಮ ಮಾವನವರ ನಂಬರಿಗೂ ಮಾಡಿದ್ದಾರೆ. ಸೆಟಲ್‌ಮೆಂಟ್ ಮಾಡಿಕೊಳ್ಳಿ ಅನ್ನುತ್ತಾರೆ.
— ನೊಂದವರು, ಬೆಂಗಳೂರು

ಉತ್ತರ: ಬೆಳಿಗ್ಗೆ ಎಂಟಕ್ಕಿಂತ ಮುಂಚೆ, ಸಂಜೆ ಏಳರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಮನೆಯವರಿಗೆ ಫೋನ್ ಮಾಡಿ ಮರ್ಯಾದೆ ತೆಗೆಯುವಂತೆಯೂ ಇಲ್ಲ. ಕರೆಯ ಸಮಯದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಯಾಂಕಿಗೆ ಇಮೇಲ್‌ನಲ್ಲಿ ದೂರು ಕೊಡಿ, ಬಾಯಿಮಾತಿನ ದೂರು ಸಾಲದು. ಮೂವತ್ತು ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ವಿಚಾರಿಸಲು ನಂಬರ್ 14448. ಸೆಟಲ್‌ಮೆಂಟಿಗೆ ಆತುರ ಬೇಡ. ಬಾಕಿ ಕಡಿಮೆ ಮಾಡಿಕೊಟ್ಟರೂ ನಿಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಅಂತ ವರ್ಷಗಟ್ಟಲೆ ಉಳಿಯುತ್ತದೆ, ಮುಂದೆ ಮನೆ ಸಾಲ ಕೇಳಿದಾಗ ಅದೇ ಅಡ್ಡ ಬರುತ್ತದೆ. ತಪ್ಪಿದ್ದು ಎರಡೇ ಕಂತು ತಾನೇ, ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಅಂತ ಶಾಖೆಗೆ ಹೋಗಿ ಬರವಣಿಗೆಯಲ್ಲಿ ಕೇಳಿ, ಅರ್ಜಿ ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ.