ಮರಳುವ ದಾರಿ ಬರೆದಿರಲಿಲ್ಲ

ವಯಸ್ಸಾದ ತಂದೆತಾಯಿಯನ್ನು ಕರೆತಂದು ‘ಸ್ವಲ್ಪ ಬುದ್ಧಿ ಹೇಳಿ’ ಎಂದು ಆಪ್ತಸಲಹೆಗಾರ್ತಿಯಾದ ನನ್ನ ಮುಂದೆ ಕೂರಿಸುವ ಮಕ್ಕಳನ್ನು ಕಲಬುರಗಿಯಲ್ಲಿ ಮತ್ತೆ ಮತ್ತೆ ನೋಡುತ್ತಿದ್ದೇನೆ. ಹೊಲ ಮಾರಲು ಒಪ್ಪದ ಅಪ್ಪ, ಒಬ್ಬಳೇ ಇರುತ್ತೇನೆ ಎನ್ನುವ ಅವ್ವ. ಬುದ್ಧಿ ಹೇಳುವುದು ನನ್ನ ಕೆಲಸವಲ್ಲ ಎಂದು ಪ್ರತಿ ಸಲವೂ ಹೇಳಬೇಕಾಗುತ್ತದೆ. ಇಲ್ಲಿ ಬರೆಯುತ್ತಿರುವ ಪ್ರಕರಣ ನನ್ನನ್ನು ಬಹಳ ದಿನ ಕಾಡಿತು. ಕೇಳಲೇಬೇಕಾದ ಪ್ರಶ್ನೆಯನ್ನು ನಾನು ಬಹುತೇಕ ಕೇಳದೆ ಬಿಟ್ಟಿದ್ದೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವರು ನಿವೃತ್ತ ಶಿಕ್ಷಕಿ, ವಯಸ್ಸು ಅರವತ್ತು ದಾಟಿದೆ. ಪತಿ ತೀರಿಕೊಂಡು ಎರಡು ವರ್ಷ. ಮಗಳಿಗೆ ದೆಹಲಿಯಲ್ಲಿ ಕೆಲಸ. ಅವಳ ಕೆಎ-32 ಕಾರು ಇಲ್ಲಿ ಮನೆಯ ಬೇವಿನ ಮರದಡಿ ನಿಂತಿತ್ತು. ಲಾರಿಯಲ್ಲಿ ಕಳಿಸೋಣ ಎಂದ ಮಗ. ನಾನೇ ಓಡಿಸಿಕೊಂಡು ಹೋಗಿ ಕೊಡುತ್ತೇನೆ, ಜೊತೆಗೆ ಯಾರೂ ಬೇಡ ಎಂದರು ತಾಯಿ. ಸಾವಿರದ ಆರುನೂರು ಕಿಲೋಮೀಟರಿಗೂ ಮೀರಿದ ದಾರಿ. ಮನೆಯಲ್ಲಿ ಮಾತು ನಿಂತುಹೋಗಿತ್ತು.

ಮಗನನ್ನು ಹೊರಗೆ ಕೂರಲು ಹೇಳಿದೆ. ಅವರು ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಪಾಠದ ಟಿಪ್ಪಣಿಯಷ್ಟೇ ಅಚ್ಚುಕಟ್ಟು. ಹುಮನಾಬಾದ್, ಬೀದರ್, ನಾಂದೇಡ್, ನಾಗಪುರ. ಅಲ್ಲಿಂದ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಝಾನ್ಸಿ, ಗ್ವಾಲಿಯರ್, ಆಗ್ರಾ. ಫಾಸ್ಟ್ಯಾಗ್‌ನಲ್ಲಿ ಎಷ್ಟು ಹಣವಿರಬೇಕು, ವಿಮೆ ಎಂದಿನವರೆಗೆ, ಹೆದ್ದಾರಿ ಸಹಾಯವಾಣಿ 1033. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗೂ ಹೆಚ್ಚು ಇಟ್ಟರೆ ಅಲ್ಲಿ ಮರುನೋಂದಣಿ ಆಗಬೇಕು, ಅದಕ್ಕೆ ಇಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರ ಬೇಕು ಎಂಬುದೂ ಇತ್ತು. ಎಳ್ಳಮಾವಾಸ್ಯೆಯ ಮರುದಿನ ಹೊರಡುವುದು, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಮಗಳಿಗೆ ಒಯ್ಯುವುದು.

ಇಷ್ಟು ಸಿದ್ಧತೆ ಕಂಡು ನಾನು ಮನಸ್ಸಿನಲ್ಲೇ ಅವರ ಪರ ನಿಂತುಬಿಟ್ಟಿದ್ದೆ. ಮಗನನ್ನು ಒಳಗೆ ಕರೆಯಬೇಕು ಎನ್ನುವಾಗ ಸುಮ್ಮನೆ ಕೇಳಿದೆ: ‘ತಿರುಗಿ ಬರುವುದು ಹೇಗೆ, ಅಕ್ಕಾ?’

ಪುಟ ತಿರುವಿದರು. ಮತ್ತೊಂದು ತಿರುವಿದರು. ‘ಅದನ್ನು ಬರೆದಿಲ್ಲ’ ಎಂದರು.

ಪತಿಯನ್ನು ಕಳೆದುಕೊಂಡವರು, ಒಬ್ಬರೇ ಹೊರಟವರು, ಮರಳುವ ಮಾತಿಲ್ಲ. ನೇರವಾಗಿ ಕೇಳಿದೆ: ‘ಬದುಕು ಮುಗಿಸಿಕೊಳ್ಳುವ ಯೋಚನೆ ಇದೆಯೇ?’ ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲ. ಯೋಚನೆ ಇದ್ದವರಿಗೆ ಯಾರಾದರೂ ಕೇಳಿದರಲ್ಲ ಎಂಬ ಹಗುರ ಸಿಗುತ್ತದೆ. ಮನೆಯವರೂ ಕೇಳಬಹುದು, ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಬಹುದು.

‘ಇಲ್ಲ ಮೇಡಂ. ಸಾಯುವವಳು ನಾಲ್ಕು ಹೊಸ ಟೈರು ಹಾಕಿಸುತ್ತಿದ್ದಳೇ?’ ಎಂದರು. ಅದೊಂದೇ ಮಾತು ನಂಬಿ ನಾನು ನಿಲ್ಲಲಿಲ್ಲ. ನಿದ್ದೆ, ಊಟ, ರಾತ್ರಿಯ ಯೋಚನೆ ಎಲ್ಲವನ್ನೂ ಕೇಳಿದೆ. ಬಹಳ ಹೊತ್ತಿನ ಮೇಲೆ, ನೋಟ್‌ಬುಕ್ ಮುಚ್ಚಿ, ಅವರೇ ಹೇಳಿದರು: ‘ಕಾರು ಕೊಡಲು ಹೋದರೆ, “ಅವ್ವಾ, ಇಲ್ಲೇ ಇದ್ದುಬಿಡು” ಎಂದಾಳು ಅಂತ. ಬರಿಗೈಯಲ್ಲಿ ಹೋಗಿ ಇರುತ್ತೇನೆ ಎನ್ನಲು ನನಗೆ ಬಾಯಿ ಬರುವುದಿಲ್ಲ.’

ನಾನು ಕೊಟ್ಟ ಮೊದಲ ಸಲಹೆ: ಹೊರಡುವ ಮೊದಲೇ ಮಗಳನ್ನು ಬಾಯಿಬಿಟ್ಟು ಕೇಳಿ. ಎರಡನೆಯದು: ಮರಳಲು ಕರ್ನಾಟಕ ಎಕ್ಸ್‌ಪ್ರೆಸ್ ಟಿಕೆಟನ್ನೂ ಹೊರಡುವ ಮೊದಲೇ ಮಾಡಿಸಿ, ಅರವತ್ತು ದಿನ ಮುಂಚೆಯೇ ಸಿಗುತ್ತದೆ, ಬೇಡವಾದರೆ ರದ್ದು ಮಾಡಬಹುದು. ಟಿಕೆಟ್ ಇಲ್ಲದೆ ಮಗಳ ಬಾಗಿಲಲ್ಲಿ ನಿಂತರೆ ಅವಳ ಒಂದೊಂದು ಮಾತೂ ತೀರ್ಪಿನಂತೆ ಕೇಳಿಸುತ್ತದೆ. ಆರು ದಿನ ದಣಿದ ಮನಸ್ಸು ಅದನ್ನು ತಾಳಲಾರದು ಎಂಬುದು ನನ್ನ ಭಯವಾಗಿತ್ತು.

ಆರು ದಿನ ಎಂದದ್ದೂ ನಾನೇ. ಅವರು ನಾಲ್ಕು ಎಂದು ಬರೆದಿದ್ದರು. ದಿನಕ್ಕೆ 350 ಕಿ.ಮೀ. ದಾಟಬೇಡಿ, ಕತ್ತಲಾಗುವ ಮುನ್ನ ಕೋಣೆ ಸೇರಿ ಎಂದೆ. ಡಿಸೆಂಬರ್, ಜನವರಿಯಲ್ಲಿ ಆಗ್ರಾದ ಆಚೀಚೆ ಬೆಳಿಗ್ಗೆ ಎದುರಿನ ವಾಹನ ಕಾಣದಷ್ಟು ಮಂಜು. ಏಪ್ರಿಲ್ ಬಂತೆಂದರೆ ನಾಗಪುರದ ಬಿಸಿಲು. ಆದ್ದರಿಂದ ಎಳ್ಳಮಾವಾಸ್ಯೆಯ ಮರುದಿನ ಬೇಡ, ಫೆಬ್ರವರಿಯ ಕೊನೆಗೆ ಹೊರಡಿ ಎಂದೆ. ಅದಕ್ಕೂ ಮೊದಲು ಬೀದರ್‌ಗೆ ಒಬ್ಬರೇ ಹೋಗಿ ಅದೇ ದಿನ ಬನ್ನಿ, ಆಮೇಲೆ ಸೊಲ್ಲಾಪುರಕ್ಕೆ ಹೋಗಿ ಒಂದು ರಾತ್ರಿ ತಂಗಿ ಬನ್ನಿ ಎಂದೆ. ರಸ್ತೆಯ ಲೆಕ್ಕ ಆಪ್ತಸಲಹೆಗಾರರಿಗೇಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅಪರಿಚಿತ ಊರಿನಲ್ಲಿ ಒಂಟಿ ರಾತ್ರಿ ಕಳೆಯುವುದು ಮನಸ್ಸಿನ ವಿಷಯವೇ. ಪತಿ ಹೋದ ಮೇಲೆ ಅವರು ಬೇರೆ ಊರಿನಲ್ಲಿ ಒಬ್ಬರೇ ಮಲಗಿದ್ದೇ ಇಲ್ಲ.

ಮಗನಿಗೆ ಸಿಟ್ಟು ಬಂತು. ‘ತಡೆಯಿರಿ ಎಂದು ಕರೆತಂದರೆ ಕಳಿಸುತ್ತಿದ್ದೀರಿ!’ ಐವತ್ತೈದು ದಾಟಿದವರಿಗೆ ಚಾಲನಾ ಪರವಾನಗಿ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ, ಅದೂ ವೈದ್ಯಕೀಯ ಪ್ರಮಾಣಪತ್ರದ ಮೇಲೆ. ಕಣ್ಣು, ಸಕ್ಕರೆ, ರಕ್ತದೊತ್ತಡ ಈಗ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರು ಬೇಡ ಎಂದಿದ್ದರೆ ನಾನು ಮಗನ ಪಕ್ಕದಲ್ಲೇ ನಿಲ್ಲುತ್ತಿದ್ದೆ. ವೈದ್ಯರು ಆಗಬಹುದು ಎಂದರು. ವಯಸ್ಸನ್ನಷ್ಟೇ ಕಾರಣವಾಗಿಸಿ ಒಬ್ಬ ಹೆಂಗಸಿನ ಕೈಯಿಂದ ಬೀಗದ ಕೈ ಕಸಿಯುವುದಕ್ಕೆ ನಾನು ಇಂದಿಗೂ ಒಪ್ಪುವುದಿಲ್ಲ.

ಮಗಳು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದೇ ಕೋಣೆಯ ಮನೆ ಅವ್ವಾ, ಹದಿನೈದು ದಿನ ಇರು’ ಎಂದಳಂತೆ. ಅದನ್ನು ಹೇಳುತ್ತ ಅವರು ನನ್ನೆದುರು ಅತ್ತರು. ಹಾಗಾದರೆ ಹೋಗುವುದೇ ಬೇಡವೇ ಎಂದು ಕೇಳಿದೆ. ಕಣ್ಣು ಒರೆಸಿಕೊಂಡು, ‘ಹೋಗುತ್ತೇನೆ. ಹದಿನಾರನೆಯ ದಿನಕ್ಕೆ ಟಿಕೆಟ್ ಮಾಡಿಸುತ್ತೇನೆ’ ಎಂದರು. ಹಾಗೆಯೇ ಹೋದರು, ಹಾಗೆಯೇ ಬಂದರು.

ಮಗ ಇಂದಿಗೂ ನನ್ನ ಸಲಹೆ ಸರಿ ಎಂದು ಒಪ್ಪಿಲ್ಲ. ಆದರೆ ನಾಲ್ಕನೆಯ ಸಂಜೆ ಝಾನ್ಸಿಯಿಂದ ತಾಯಿಯ ಕರೆ ಅರ್ಧ ಗಂಟೆ ತಡವಾದಾಗ ಆತ ಮೊದಲು ಫೋನ್ ಮಾಡಿದ್ದು ನನಗೆ. ಕರೆ ಬರುವವರೆಗೆ ಇಬ್ಬರೂ ಫೋನ್ ಇಡದೆ ಕಾದೆವು.